ಸಿಂಹಳದಲ್ಲಿ ತಮ್ಮ ಆಡಿದ ಏಳಾಳಿನ ಆಟ

ಹುಬ್ಬಳ್ಳಿ

ನಾನು ಕಡಲು ದಾಟಿ ಸಿಂಹಳಕ್ಕೆ ಹೋಗಿ ಬಂದವಳೆಂದು ತಿಳಿದ ಕೂಡಲೇ ಹೆಂಗಸರು ಕೇಳುವ ಮೊದಲ ಮಾತು ಅಶೋಕವನದ್ದು. "ಸೀತವ್ವ ಕುಂತ ಗಿಡ ನೋಡಿದ್ಯೇನ? ರಾಕ್ಷಸರ ಮನಿ ಇನ್ನೂ ಅದಾವೇನು?" ಎನ್ನುತ್ತಾರೆ. ಅವರ ಮುಖದ ಆಸೆ ನೋಡಿದರೆ ಇಲ್ಲವೆನ್ನಲು ಬಾಯಿ ಬರುವುದಿಲ್ಲ. ಆ ಗಿಡವನ್ನು ನಾನು ನೋಡಲಿಲ್ಲ. ನೋಡಿದ್ದು ಒಂದು ಹುಲ್ಲಿನ ಬಯಲು, ಒಂದು ಆಸ್ಪತ್ರೆಯ ಪಡಸಾಲೆ, ಕಡಲ ದಂಡೆಯ ಒಂದು ಸಾವಿನ ಮನೆ. ಅಷ್ಟನ್ನೇ ಇಲ್ಲಿ ಬರೆಯುತ್ತೇನೆ.

ನನ್ನ ತವರು ಕುಷ್ಟಗಿ. ಫಕೀರಪ್ಪ ನನ್ನ ತಮ್ಮ. ಅವ್ವ ತೀರಿಕೊಂಡಾಗ ಅವನಿನ್ನೂ ಅಂಬೆಗಾಲಿಡುತ್ತಿದ್ದ. ಹಾಲಿನಲ್ಲಿ ರೊಟ್ಟಿ ಮುರಿದು ಕಲಸಿ ಅವನಿಗೆ ತಿನ್ನಿಸಿದವಳು ನಾನೇ. ದೊಡ್ಡವನಾಗುತ್ತಲೇ ಗರಡಿಮನೆ ಹಿಡಿದ. ಯಲಬುರ್ಗಿ, ಗಂಗಾವತಿ, ಕೊಪ್ಪಳ, ಎಲ್ಲಿ ಕುಸ್ತಿ ಇದ್ದರೂ ಅಪ್ಪ ಅವನನ್ನು ಚಕ್ಕಡಿಯಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರು. ಎದುರಾಳಿಯನ್ನು ಕೆಡವಿದ ಮೇಲೆ ತಾನೇ ಕೈಹಿಡಿದು ಎಬ್ಬಿಸಿ, ಬೆನ್ನಿನ ಮಣ್ಣು ಕೊಡವುವುದು ಅವನ ರೂಢಿ. ಹೀಗಾಗಿ ಸೋತವರಿಗೂ ಅವನ ಮೇಲೆ ಸಿಟ್ಟಿರುತ್ತಿರಲಿಲ್ಲ.

ನನ್ನನ್ನು ಹುಬ್ಬಳ್ಳಿಗೆ ಕೊಟ್ಟಿದ್ದರು. ನಮ್ಮ ಮನೆಯವರು ರೈಲ್ವೆ ಕಾರ್ಖಾನೆಯಲ್ಲಿ ಕಾರಕೂನರು. ಆಗಿನ ಕಾಲಕ್ಕೆ ನಿಜಾಮರ ಸೀಮೆ ಬಿಟ್ಟು ಇಂಗ್ರೇಜಿ ಸೀಮೆಗೆ ಬರುವುದೇ ನಮಗೆ ಪರದೇಶ ಪ್ರವಾಸ. ಗಡಿಯಲ್ಲಿ ಸುಂಕದವರು ಗಂಟು ಬಿಚ್ಚಿಸಿ ನೋಡುವರು. ಕೊಪ್ಪಳದ ಸಾಲೆಯಲ್ಲಿ ಉರ್ದು ಕಲಿತ ಹುಡುಗರು ಗದಗಿನಲ್ಲಿ ಇಳಿದು ಬೋರ್ಡು ಓದಲಾರದೆ ಕಣ್ಣು ಬಿಡುವರು. ಅಂಥ ಸೀಮೆಯಿಂದ ಬಂದ ನನ್ನ ತಮ್ಮನಿಗೆ ಅದೇ ಕಾರ್ಖಾನೆಯ ಕಮ್ಮಾರಸಾಲೆಯಲ್ಲಿ ದೊಡ್ಡ ಸುತ್ತಿಗೆ ಹೊಡೆಯುವ ಕೆಲಸ ಸಿಕ್ಕಿತು. ನಮ್ಮ ಮನೆಯಲ್ಲೇ ಇದ್ದ.

ಕಾರ್ಖಾನೆಯ ಸಾಹೇಬರು ಮತ್ತು ಆಂಗ್ಲೋ-ಇಂಡಿಯನ್ ಡ್ರೈವರುಗಳು ಕೂಡಿ ರಗ್ಬಿ ಎಂಬ ಆಟದ ಕ್ಲಬ್ಬು ಮಾಡಿಕೊಂಡಿದ್ದರು. ಸುಲಿಯದ ತೆಂಗಿನಕಾಯಿಯಂಥ ಚೆಂಡು. ಅದನ್ನು ಬಗಲಲ್ಲಿ ಅವುಚಿಕೊಂಡು ಓಡುವುದು, ಓಡುವವನನ್ನು ಎದುರಿನವರು ಹಿಡಿದು ಕೆಡವುವುದು, ತಪ್ಪಿಸಿಕೊಂಡವನು ಕೊನೆಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಊರುವುದು. ಹದಿನೈದು ಮಂದಿ ಆಡುವ ಆಟವಾದರೂ ಏಳೇ ಮಂದಿ ಆಡುವ ಗಿಡ್ಡ ಬಗೆಯೂ ಉಂಟು. ಅದು ಒಲೆಯ ಮೇಲಿಟ್ಟ ಅನ್ನ ಬೇಯುವಷ್ಟರಲ್ಲಿ ಮುಗಿದುಹೋಗುತ್ತದೆ. ಒಬ್ಬ ಡ್ರೈವರನಿಗೆ ಚಳಿಜ್ವರ ಬಂದು ಆಳು ಕಡಿಮೆ ಬಿದ್ದಾಗ, ಫೋರಮನ್ ಸಾಹೇಬ ನನ್ನ ತಮ್ಮನನ್ನು ಕರೆದು ಬಯಲಿಗೆ ಇಳಿಸಿದ. ಹಿಡಿಯುವುದು, ಕೆಡವುವುದು ಅವನಿಗೆ ಹೊಸದಾಗಿರಲಿಲ್ಲ. ಓಡುವುದನ್ನು ಕಲಿತ.

ಆ ವರ್ಷ ಕೊಳಂಬೊದಲ್ಲಿ ಏಳಾಳಿನ ಪಂದ್ಯಗಳು ಗೊತ್ತಾದವು. ಸಿಂಹಳದ ಕ್ಲಬ್ಬುಗಳ ಜೊತೆಗೆ ಮದರಾಸಿನದೊಂದು, ಮಲಯಾದ ರಬ್ಬರ್ ತೋಟದವರದೊಂದು, ನಮ್ಮ ಕಾರ್ಖಾನೆಯದೊಂದು. ಸಾಮಾನು, ಟಿಕೀಟು ನೋಡಿಕೊಳ್ಳಲು ನಮ್ಮ ಮನೆಯವರು ಹೊರಟರು. ನನಗೆ ರಾಮೇಶ್ವರ ನೋಡುವ ಆಸೆ. ಹೇಗೂ ದಾರಿಯಲ್ಲಿದೆ, ತಮ್ಮನಿಗೆ ರೊಟ್ಟಿಯೂ ಆದೀತು ಎಂದು ನಾನೂ ಗಂಟು ಕಟ್ಟಿದೆ.

ನಮ್ಮನ್ನು ಕಳಿಸಲು ಅಪ್ಪ ಕುಷ್ಟಗಿಯಿಂದ ಬಂದಿದ್ದರು. ಕಡಲು ದಾಟಬಾರದೆಂದು ಹೇಳುತ್ತಾರೇನೋ ಎಂದು ನಾನು ಅಂಜಿದ್ದೆ. ಅವರು ಕಿಟಕಿಯೊಳಗೆ ಕೈ ಹಾಕಿ ಫಕೀರಪ್ಪನ ಹಣೆಗೆ ವಿಭೂತಿ ಹಚ್ಚಿ, "ಎದ್ದು ನಿಂತಾಂವನ್ನ ಕೆಡವು, ಬಿದ್ದಾಂವನ್ನ ಮುಟ್ಟಬ್ಯಾಡ. ಹೋಗಿ ಬಾ" ಎಂದರು.

ಮಂಡಪಂ ಮತ್ತು ಧನುಷ್ಕೋಡಿ

ಮದರಾಸಿನಿಂದ ಇಳಿಯುತ್ತ ಇಳಿಯುತ್ತ ನೆಲವೆಲ್ಲ ಉಸುಕಾಯಿತು. ಮಂಡಪಮ್ಮಿನಲ್ಲಿ ಸಿಂಹಳ ಸರಕಾರದ ಡಾಕ್ಟರರು ಹಡಗು ಹತ್ತುವವರನ್ನೆಲ್ಲ ನಿಲ್ಲಿಸಿ ನೋಡುತ್ತಿದ್ದರು. ಚಹಾ ತೋಟಕ್ಕೆ ಹೊರಟ ತಮಿಳು ಕೂಲಿಯವರನ್ನು ದಿನಗಟ್ಟಲೆ ತಗಡಿನ ಶೆಡ್ಡುಗಳಲ್ಲಿ ಇಟ್ಟುಕೊಳ್ಳುತ್ತಿದ್ದರಂತೆ. ಕಂಕುಳಲ್ಲಿ ಕೂಸು ಹೊತ್ತ ಹೆಂಗಸೊಬ್ಬಳು ತಂತಿಬೇಲಿಯ ಆಚೆ ನಿಂತು ನಮ್ಮನ್ನೇ ನೋಡುತ್ತಿದ್ದಳು. ಸಾಹೇಬರ ಗುಂಪಿನವರಾದ್ದರಿಂದ ನಮಗೆ ಬೇಗ ಬಿಡುಗಡೆ ಎಂದರು.

ಆದರೆ ನನ್ನ ಗಂಟು ನಮ್ಮನ್ನು ತಡೆಯಿತು. ತಪಾಸಣೆಯವನು ಒಂದು ಡಬ್ಬಿ ತೆಗೆದು ನೋಡಿದ. ಒಳಗೆ ಕಪ್ಪು ಪುಡಿ. ಮೂಸಿದ, ಬೆರಳಲ್ಲಿ ತಿಕ್ಕಿದ, ಇನ್ನೊಬ್ಬನನ್ನು ಕರೆದ. ಬಂದೂಕಿನ ಮದ್ದೆಂದು ಅವರ ಗುಮಾನಿ. ನಮ್ಮ ಮನೆಯವರು ಬೆವರುತ್ತ ಇಂಗ್ಲಿಷಿನಲ್ಲಿ ಹೇಳಿದ್ದನ್ನೇ ಹೇಳಿದರು. ಕೊನೆಗೆ ಫಕೀರಪ್ಪ ಮುಂದೆ ಬಂದು ಅಂಗೈ ತುಂಬ ಪುಡಿ ಸುರಿದುಕೊಂಡು ಬಾಯಿಗೆ ಹಾಕಿಕೊಂಡ. "ಗುರೆಳ್ಳ ಚಟ್ನಿರಿ ಸಾಹೇಬ್ರ. ರೊಟ್ಟಿ ಕೂಡ ತಿನ್ನೂದು" ಎಂದ. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಆಟದವರೆಲ್ಲ ಹೊಟ್ಟೆ ಹಿಡಿದು ನಕ್ಕರು, ಫೋರಮನ್ ಸಾಹೇಬನೂ ನಕ್ಕ. ಆ ನಗು ನನಗೆ ಈಗಲೂ ಕೇಳಿಸುತ್ತದೆ. ಮುಂದೆ ಆ ಗುಂಪು ಹಾಗೆ ನಕ್ಕದ್ದು ನಾನು ಕೇಳಲಿಲ್ಲ.

ರಾಮೇಶ್ವರಕ್ಕೆ ಇಳಿಯಲು ವೇಳೆ ಇರಲಿಲ್ಲ. ಬರುವಾಗ ನೋಡೋಣ ಎಂದರು. ಧನುಷ್ಕೋಡಿಯಲ್ಲಿ ರೈಲು ನೀರಿನ ಅಂಚಿಗೇ ಹೋಗಿ ನಿಂತಿತು. ನಾನು ಕಂಡ ದೊಡ್ಡ ನೀರೆಂದರೆ ಆನೆಗೊಂದಿಯ ಹೊಳೆ. ಅಲ್ಲಿ ಹರಿಗೋಲಿನಲ್ಲಿ ಕೂತರೆ ಆಚೆ ದಂಡೆಯ ಬಂಡೆ, ಬಟ್ಟೆ ಒಗೆಯುವವರು ಎಲ್ಲ ಕಾಣುತ್ತಾರೆ. ಇಲ್ಲಿ ಆಚೆ ದಂಡೆಯೇ ಇಲ್ಲ. ಹಡಗು ತೂಗತೊಡಗಿದ ಮೇಲೆ, ಎಷ್ಟೋ ಪೈಲವಾನರನ್ನು ಮಣ್ಣು ಮುಕ್ಕಿಸಿದ ನನ್ನ ತಮ್ಮ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿಬಿಟ್ಟ. "ಅಕ್ಕಾ, ಈ ನೀರಿನ್ನ ಯಾ ಮಗ ಕೆಡವ್ಯಾನು?" ಎಂದು ನರಳಿದ. ನಿಂಬೆಕಾಯಿ ಉಪ್ಪಿನಕಾಯಿ ನೆಕ್ಕಿಸಿದೆ.

ಕೊಳಂಬೊ

ಕೊಳಂಬೊದ ಹಸಿರು ನನ್ನ ಕಣ್ಣಿಗೆ ಒಗ್ಗಲು ಹೊತ್ತು ಹಿಡಿಯಿತು. ಗಂಗಾವತಿಯ ಹಳೆಯ ಕಾಲುವೆ ಕೆಳಗಿನ ಗದ್ದೆಯೇ ಹಸಿರಿನ ಕೊನೆ ಎಂದು ತಿಳಿದವಳು ನಾನು. ನಮ್ಮ ಕಡೆ ಮಣ್ಣು ಕಪ್ಪಗೆ, ಗುಡ್ಡ ಬೋಳು, ನಡುವೆ ಎಲ್ಲೋ ಒಂದು ಬೇವಿನ ಗಿಡ. ಇಲ್ಲಿ ಗೋಡೆಯ ಬಿರುಕಿನಲ್ಲೂ ಏನಾದರೊಂದು ಚಿಗುರುತ್ತದೆ. ವಯಸ್ಸಾದ ಗಂಡಸರು ಉದ್ದ ಕೂದಲನ್ನು ಹಿಂದಕ್ಕೆ ಗಂಟು ಹಾಕಿ ಮೇಲೆ ಬಾಗಿದ ಬಾಚಣಿಗೆ ಸಿಕ್ಕಿಸಿಕೊಂಡು ಗಂಭೀರವಾಗಿ ನಡೆಯುತ್ತಾರೆ. ನನಗೆ ಮೊದಲು ನಗೆ ಬಂತು, ಆಮೇಲೆ ಅವರ ಗತ್ತು ನೋಡಿ ಸುಮ್ಮನಾದೆ. ಮೂರು ಹೊತ್ತೂ ಅನ್ನ, ಎಲ್ಲದರಲ್ಲೂ ತೆಂಗು. ಜೋಳ ಎಂದರೆ ಅಂಗಡಿಯವರಿಗೆ ತಿಳಿಯಲಿಲ್ಲ.

ಆಟದವರಿಗೆ ಹೋಟೆಲಿನಲ್ಲಿ ಇಳಿಯಲು ಏರ್ಪಾಡಾಗಿತ್ತು. ಅಲ್ಲಿ ಫಕೀರಪ್ಪನಿಗೆ ಕೋಣೆ ಇಲ್ಲವೆಂದರು. ಯಾಕೆಂದು ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಅವನು ನಮ್ಮ ಜೊತೆ ತಮಿಳು ವ್ಯಾಪಾರಿಯೊಬ್ಬರ ಛತ್ರದಲ್ಲಿ ಉಳಿದ. "ಛಲೋ ಆತು ಬಿಡಕ್ಕ. ಅಲ್ಲಿ ನನಗ ಚಮಚಾದಾಗ ತಿನ್ನಾಕ ಬರೂದಿಲ್ಲ" ಎಂದು ಚಾಪೆ ಹಾಸಿಕೊಂಡ.

ಪಂದ್ಯಗಳೆಲ್ಲ ಒಂದೇ ದಿನ. ಬೆಳಿಗ್ಗೆ ಹೋಗಿ, ಹಗ್ಗ ಕಟ್ಟಿದ ಆಚೆ ಮರದ ನೆರಳಲ್ಲಿ ಕೂತೆ. ಯಾರೋ ಹಿಂದಿನಿಂದ "ಅಕ್ಕಾ!" ಎಂದು ಕೂಗಿದರು. "ಏನಪ್ಪಾ?" ಎಂದು ತಿರುಗಿದೆ. ತಮ್ಮ ಅಲ್ಲ. ಕೆಂಪು ಪಟ್ಟೆಯ ಅಂಗಿ ತೊಟ್ಟ, ತೆಳ್ಳಗೆ ಜಿಂಕೆಯಂತಿದ್ದ ಒಬ್ಬ ಹುಡುಗ. ಅವನು ಕರೆದದ್ದು ನನ್ನ ಪಕ್ಕದಲ್ಲಿ ಕೂತಿದ್ದ ಬಿಳಿ ಸೀರೆಯವಳನ್ನು. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಕೆ ಇಂಗ್ಲಿಷಿನಲ್ಲಿ ನಮ್ಮ ಮನೆಯವರನ್ನು ಏನೋ ಕೇಳಿದಳು. ಅವರು ನಗುತ್ತ, "ಇವರ ಭಾಷಾದಾಗೂ ಅಕ್ಕಗ ಅಕ್ಕನೇ ಅಂತಾರಂತ" ಎಂದರು.

ಆಕೆ ಸೋಮಾ, ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿಸುವವಳು. ಹುಡುಗ ಅವಳ ತಮ್ಮ ಪಿಯದಾಸ, ಕೊಳಂಬೊದ ಒಂದು ಕ್ಲಬ್ಬಿನ ಆಟಗಾರ. ಮೊದಲ ಪಂದ್ಯಗಳಲ್ಲಿ ನಮ್ಮವರೂ ಗೆದ್ದರು, ಅವರೂ ಗೆದ್ದರು. ಊಟದ ಹೊತ್ತಿಗೆ ಫಕೀರಪ್ಪ ಬಂದು ನನ್ನ ಹತ್ತಿರ ರೊಟ್ಟಿ ತಿನ್ನುತ್ತಿದ್ದಾಗ ಪಿಯದಾಸ ಬಂದು ಕೈಯೊಡ್ಡಿದ. ರೊಟ್ಟಿ, ಗುರೆಳ್ಳ ಚಟ್ನಿ ಕೊಟ್ಟೆ. ಖಾರಕ್ಕೆ ಕುಣಿದುಬಿಟ್ಟ. ಓಡಿಹೋಗಿ ಅರಿಶಿನ ಬಣ್ಣದ ಸಿಪ್ಪೆಯ ಎಳನೀರು ತಂದು ತಾನೂ ಕುಡಿದ, ನಮಗೂ ಕೊಡಿಸಿದ. ಆಮೇಲೆ ನನ್ನ ತಮ್ಮನ ತೋಳಿಗೆ ತನ್ನ ತೋಳು ಹಚ್ಚಿ ಅಳೆದು ತಲೆ ಅಲ್ಲಾಡಿಸಿದ. ತನ್ನ ಕಾಲು ತೋರಿಸಿ, ಗಾಳಿಯಲ್ಲಿ ಕೈ ಬೀಸಿ, ನಿನಗೆ ನಾನು ಸಿಗುವುದಿಲ್ಲ ಎಂದು ಸನ್ನೆ ಮಾಡಿದ.

"ಸಿಕ್ರ ಏನ್ ಮಾಡ್ತೀ?" ಎಂದ ಫಕೀರಪ್ಪ ಕನ್ನಡದಲ್ಲಿ. ಅವನಿಗೆ ತಿಳಿಯಿತೋ ಇಲ್ಲವೋ, ಹಲ್ಲು ಬಿಟ್ಟು ನಕ್ಕು ಓಡಿಹೋದ.

ಹುಲ್ಲಿನ ಬಯಲು

ಮುಂದಿನ ಪಂದ್ಯ ಅವರಿಬ್ಬರ ಕ್ಲಬ್ಬುಗಳ ನಡುವೆಯೇ ಬಂತು. ಗೆದ್ದವರು ಕೊನೆಯ ಪಂದ್ಯಕ್ಕೆ. ಸೋಮಾ ನನ್ನ ಕೈ ಹಿಡಿದುಕೊಂಡು ಕೂತಳು. ಅವಳ ಕಡೆಯವರು ಕೂಗಿದಾಗ ಅವಳು ನನ್ನ ಕೈ ಹಿಸುಕುವಳು, ನಮ್ಮವರು ಕೂಗಿದಾಗ ನಾನು ಹಿಸುಕುವೆ.

ಪಿಯದಾಸ ಚೆಂಡು ಹಿಡಿದು ಅಂಚಿನ ಗೆರೆಗುಂಟ ಓಡಿ ಬಂದ. ನಮ್ಮವರಿಬ್ಬರು ಕೈ ಚಾಚಿ ಬರಿಗೈಯಲ್ಲಿ ಉರುಳಿದರು. ಎದುರಿಗೆ ಉಳಿದವನು ಫಕೀರಪ್ಪನೊಬ್ಬನೇ. ಪಿಯದಾಸ ನಗುತ್ತಲೇ ಎಡಕ್ಕೆ ಹೋದಂತೆ ಮಾಡಿ ಬಲಕ್ಕೆ ತಿರುಗಿದ. ನನ್ನ ತಮ್ಮ ಮೋಸ ಹೋಗಲಿಲ್ಲ. ಸಾಹೇಬ ಕಲಿಸಿದ ಹಾಗೆ ತಲೆ ತಗ್ಗಿಸಿ ಅವನ ಎರಡೂ ತೊಡೆಗಳನ್ನು ತಬ್ಬಿ ಹಿಡಿದ. ಇಬ್ಬರೂ ಬಿದ್ದರು. ಚೆಂಡು ಬಿಟ್ಟು ಕೈ ಊರಿದ್ದರೆ ಏನಾಗುತ್ತಿತ್ತೋ, ಹುಡುಗ ಚೆಂಡು ಬಿಡಲಿಲ್ಲ. ತಲೆ ಮೊದಲು ನೆಲಕ್ಕೆ ತಾಗಿತು.

ಜನ ಚಪ್ಪಾಳೆ ತಟ್ಟಿದರು. ಅಷ್ಟು ಚಂದದ ಹಿಡಿತ ಅದು. ಫಕೀರಪ್ಪ ಎದ್ದು, ರೂಢಿಯಂತೆ, ಕೈ ಚಾಚಿದ. ಪಿಯದಾಸ ಕೈ ಕೊಡಲಿಲ್ಲ. ಕಣ್ಣು ತೆರೆದೇ ಇದ್ದವು. ಫಕೀರಪ್ಪ ಬಗ್ಗಿ ಅವನ ಭುಜ ಮುಟ್ಟಿದ, ಇನ್ನೊಮ್ಮೆ ಕೈ ಚಾಚಿದ. ಆಮೇಲೆ ತಲೆಯೆತ್ತಿ ಇಡೀ ಬಯಲಿನಲ್ಲಿ ನನ್ನನ್ನು ಹುಡುಕಿದ. ಸಣ್ಣವನಿದ್ದಾಗ ಏನಾದರೂ ಕೆಟ್ಟರೆ ಹಾಗೆಯೇ ನನ್ನ ಕಡೆ ನೋಡುತ್ತಿದ್ದ.

ಸೋಮಾಳ ಕೈ ನನ್ನ ಕೈಯಿಂದ ಜಾರಿತು. ಅವಳು ಹಗ್ಗದ ಕೆಳಗೆ ನುಸುಳಿ ಓಡಿದಳು.

ಡಾಕ್ಟರರು ಬಂದರು, ಸ್ಟ್ರೆಚರು ತಂದರು, ಹುಡುಗನನ್ನು ಮೋಟಾರಿನಲ್ಲಿ ಒಯ್ದರು. ಆಮೇಲೆ ಸೀಟಿ ಊದಿದರು, ಆಟ ನಡೆಯಿತು. ನನಗೆ ಆ ದೇಶದ ಯಾವ ಪದ್ಧತಿಯೂ ಅಷ್ಟು ವಿಚಿತ್ರವೆನಿಸಲಿಲ್ಲ. ನಮ್ಮ ಕುಸ್ತಿಯ ಕಣದಲ್ಲಿ ಒಬ್ಬ ಏಳದೆ ಹೋದರೆ ಹಲಗೆ ಬಡಿಯುವವನು ಕೋಲು ಕೆಳಗಿಡುತ್ತಾನೆ, ಅವತ್ತಿನ ಕುಸ್ತಿ ಅಲ್ಲಿಗೆ ಮುಗಿಯುತ್ತದೆ. ಇಲ್ಲಿ ಅವನ ಕ್ಲಬ್ಬಿನವರೇ "ಆಡೋಣ, ಅವನೂ ಅದನ್ನೇ ಬಯಸುತ್ತಾನೆ" ಎಂದರಂತೆ. ಹಾಗೆ ಹೇಳಿದ ಹುಡುಗರ ಮುಖಗಳೂ ಸುಣ್ಣದಂತೆ ಬೆಳ್ಳಗಾಗಿದ್ದವು.

ನಮ್ಮವರು ಆ ಪಂದ್ಯ ಗೆದ್ದರು. ಕೊನೆಯ ಪಂದ್ಯವನ್ನೂ ಗೆದ್ದರು. ಫಕೀರಪ್ಪ ಬಯಲಲ್ಲಿ ಇದ್ದ, ಅಷ್ಟೇ. ಎದುರಿನವರು ಪಕ್ಕದಲ್ಲೇ ಓಡಿ ಹೋದರೂ ಅವನ ಕೈ ಏಳಲಿಲ್ಲ. ಬೆಳ್ಳಿಯ ಬಟ್ಟಲು ಕೊಟ್ಟು ಫೋಟೋ ತೆಗೆಯುವ ಹೊತ್ತಿಗೆ ಅವನು ಅಲ್ಲಿರಲಿಲ್ಲ. ಬೂಟು ಕಳಚಿ ಕೈಯಲ್ಲಿ ಹಿಡಿದುಕೊಂಡು ನನ್ನ ಮುಂದೆ ನಿಂತಿದ್ದ.

"ಅಕ್ಕಾ, ದವಾಖಾನಿ ಎಲ್ಲೈತಿ ಕೇಳು" ಎಂದ.

ಆಸ್ಪತ್ರೆ

ಕುತ್ತಿಗೆಯ ಎಲುಬು ಮುರಿದಿತ್ತು. ಹುಡುಗನಿಗೆ ಎಚ್ಚರವಿತ್ತಂತೆ, ಕೈಕಾಲು ಆಡುತ್ತಿರಲಿಲ್ಲ. ನಮ್ಮನ್ನು ಒಳಗೆ ಬಿಡಲಿಲ್ಲ. ಪಡಸಾಲೆಯ ಬಾಕಿನ ಮೇಲೆ ಕೂತೆವು. ಸೋಮಾ ಒಮ್ಮೆ ಹೊರಗೆ ಬಂದು ನಮ್ಮ ಮನೆಯವರೊಡನೆ ಮಾತಾಡಿದಳು. ಫಕೀರಪ್ಪನನ್ನು ನೋಡಿ ಒಳಗೆ ಹೋದಳು. ಅವಳು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಮರುದಿನ ಬೆಳಿಗ್ಗೆ ನಾವು ಮತ್ತೆ ಹೋದಾಗ ಪಡಸಾಲೆಯಲ್ಲಿ ಅವನ ಕ್ಲಬ್ಬಿನ ಹುಡುಗರು ಗೋಡೆಗೆ ಮುಖ ಮಾಡಿ ನಿಂತಿದ್ದರು. ಅದನ್ನು ನೋಡಿಯೇ ತಿಳಿಯಿತು.

ಪೊಲೀಸಿನವರು ಬಂದು ಕೇಳಿದರು. ಆ ಹುಡುಗರೇ ಮುಂದೆ ನಿಂತು, ಹಿಡಿದದ್ದು ನ್ಯಾಯವಾದ ಹಿಡಿತ, ಯಾರ ತಪ್ಪೂ ಇಲ್ಲ ಎಂದು ಬರೆಸಿದರು. ಅಷ್ಟಾದ ಮೇಲೆ ಫೋರಮನ್ ಸಾಹೇಬ ಛತ್ರಕ್ಕೆ ಬಂದ. ಟೊಪ್ಪಿಗೆಯನ್ನು ಕೈಯಲ್ಲಿ ತಿರುಗಿಸುತ್ತ, ಸಂಜೆಯ ಗಾಡಿಗೆ ಎಲ್ಲರೂ ಹೊರಡಬೇಕು ಎಂದ. ಅವನು ಕೆಟ್ಟವನಾಗಿರಲಿಲ್ಲ. ಫಕೀರಪ್ಪನ ಹೆಗಲ ಮೇಲೆ ಕೈಯಿಟ್ಟು ಇಂಗ್ಲಿಷಿನಲ್ಲಿ ಬಹಳ ಹೊತ್ತು ಹೇಳಿದ. ನಮ್ಮ ಮನೆಯವರು ಅದನ್ನು ಕನ್ನಡದಲ್ಲಿ ಹೇಳಿದರು: "ನಿಂದೇನೂ ತಪ್ಪಿಲ್ಲಂತ ಫಕೀರಾ. ಆಟದಾಗ ಆಗೂದು ಆಗೇತಿ. ಮನಸಿಗೆ ಹಚ್ಕೋಬ್ಯಾಡ ಅಂತಾರ ಸಾಹೇಬ್ರು."

"ಅವರ ಊರು ಯಾವುದು ಮಾಮಾ?" ಎಂದ ಫಕೀರಪ್ಪ.

"ಪಾನದುರ ಅಂತ. ಇಲ್ಲಿಂದ ತೆಂಕಣಕ್ಕ. ಮಣ್ಣು ನಾಳೆ."

"ನಾ ಹೋಗ್ತೀನಿ."

ನಮ್ಮ ಮನೆಯವರು ಗಾಬರಿಯಾದರು. "ಏ ಹುಚ್ಚ, ಅಲ್ಲಿ ಹೋಗಿ ಏನಂತೀ? ಮಂದಿ ಸಿಟ್ಟಿನಾಗಿರ್ತಾರ. ಹೊಡದು ಗಿಡದು ಮಾಡಿದ್ರ ಪರದೇಶದಾಗ ನಮ್ಮನ್ನ ಯಾರು ಕೇಳ್ತಾರ?"

"ಹೊಡದ್ರ ಹೊಡೀಲಿ. ಕೆಡವಿದಾಂವ ನಾನು, ಮಾಮಾ. ನಾನೇ ಎತ್ತಬೇಕು."

ಸಾಹೇಬನಿಗೆ ಇದನ್ನು ಹೇಗೆ ಹೇಳಬೇಕೋ ನಮ್ಮ ಮನೆಯವರಿಗೆ ತಿಳಿಯಲಿಲ್ಲ. ನನ್ನ ಕಡೆ ನೋಡಿದರು. ನಾನು, "ಅಂವ ಹೋಗ್ಲಿರಿ. ನಾವೂ ಹೋಗೂಣು. ಇಲ್ಲಂದ್ರ ಇಂವ ಊರಿಗೆ ಬಂದ್ರೂ ಬಂದಂಗಾಗೂದಿಲ್ಲ" ಎಂದೆ. ಮದುವೆಯಾದಂದಿನಿಂದ ಸಾಹೇಬರೆದುರು ನಾನು ಬಾಯಿ ತೆರೆದದ್ದು ಅದೇ ಮೊದಲು.

ಸಾಹೇಬ ಸಿಟ್ಟಾಗಿ ಹೋದ. ಆಟದವರೆಲ್ಲ ಸಂಜೆಯ ಗಾಡಿಗೆ ಹೊರಟುಹೋದರು.

ಪಾನದುರ

ಕೊಳಂಬೊದಿಂದ ತೆಂಕಣಕ್ಕೆ ಹೋಗುವ ರೈಲು ಕಡಲಿಗೆ ಅಂಟಿಕೊಂಡೇ ಓಡುತ್ತದೆ. ತೆರೆ ಒಡೆದಾಗ ಹನಿ ಕಿಟಕಿಯೊಳಗೆ ಬಂದು ಮುಖಕ್ಕೆ ಸಿಡಿಯುತ್ತವೆ. ಬೇರೆ ದಿನವಾಗಿದ್ದರೆ ನಾನು ಹುಡುಗಿಯಂತೆ ಕುಣಿಯುತ್ತಿದ್ದೆ.

ಸಾವಿನ ಮನೆ ಯಾವುದೆಂದು ಕೇಳಬೇಕಾಗಲಿಲ್ಲ. ಸ್ಟೇಶನ್ನಿನಿಂದಲೇ ರಸ್ತೆಯ ಎರಡೂ ಕಡೆ ಬಿದಿರಿಗೆ ಬಿಳಿ ಅರಿವೆಯ ಸಣ್ಣ ಬಾವುಟ ಕಟ್ಟಿದ್ದರು. ಜನರೆಲ್ಲ ಬಿಳಿ ಉಟ್ಟಿದ್ದರು. ನನ್ನ ಹಸಿರು ಇಳಕಲ್ ಸೀರೆ ಅವರ ನಡುವೆ ಕಣ್ಣಿಗೆ ಹೊಡೆಯುತ್ತಿತ್ತು. ನಾಚಿಕೆಯಾಗಿ ನಮ್ಮ ಮನೆಯವರ ಬಿಳಿ ಪಂಚೆಯನ್ನು ಮೈತುಂಬ ಹೊದ್ದುಕೊಂಡೆ. ನಮ್ಮಲ್ಲಿ ಹೆಣವನ್ನು ಕೂರಿಸಿ, ಹೂವೇರಿಸಿ, ಭಜನೆ ಮಾಡುತ್ತ ಒಯ್ಯುತ್ತೇವೆ. ಇವರು ಪೆಟ್ಟಿಗೆಯಲ್ಲಿ ಮಲಗಿಸಿ ನಡುಮನೆಯಲ್ಲಿ ಇಟ್ಟಿದ್ದರು. ಗೋಡೆಯ ಮೇಲಿನ ಪಟಗಳನ್ನೆಲ್ಲ ಹಿಂದುಮುಂದಾಗಿ ತಿರುಗಿಸಿದ್ದರು. ಯಾಕೆಂದು ಕೇಳುವ ಧೈರ್ಯವಾಗಲಿಲ್ಲ. ಬದುಕಿದವರ ನಗುಮುಖ ಅವತ್ತು ಕಾಣಬಾರದೆಂದೇನೋ.

ನಾವು ಅಂಗಳಕ್ಕೆ ಕಾಲಿಡುತ್ತಲೇ ಒಬ್ಬ ಎತ್ತರದ ಮನುಷ್ಯ ಅಡ್ಡ ಬಂದ. ಪಿಯದಾಸನ ಸೋದರಮಾವ ಎಂದು ಆಮೇಲೆ ತಿಳಿಯಿತು. ನಮ್ಮ ತಮ್ಮನ ಮೈಕಟ್ಟು ನೋಡಿಯೇ ಅವನಿಗೆ ಗೊತ್ತಾಗಿತ್ತು. ಕೈ ತೋರಿಸಿ ಕೂಗತೊಡಗಿದ. ಜನ ಸುತ್ತುಗಟ್ಟಿದರು. ಫಕೀರಪ್ಪ ತಲೆ ಬಗ್ಗಿಸಿ, ಎರಡೂ ಕೈ ಕೆಳಗೆ ಬಿಟ್ಟು ನಿಂತ. ನಮ್ಮ ಮನೆಯವರು ನಡುವೆ ಹೋಗಿ ಇಂಗ್ಲಿಷಿನಲ್ಲಿ ಏನೋ ಹೇಳಲು ನೋಡಿದರು, ಯಾರೂ ಕೇಳಿಸಿಕೊಳ್ಳಲಿಲ್ಲ.

ಸೋಮಾ ಒಳಗಿನಿಂದ ಬಂದಳು. ಮಾವನ ತೋಳು ಹಿಡಿದು ಪಕ್ಕಕ್ಕೆ ಸರಿಸಿ, ನಮ್ಮನ್ನು ಒಳಗೆ ಕರೆದೊಯ್ದಳು.

ತಾಯಿ ಪೆಟ್ಟಿಗೆಯ ತಲೆಯ ಕಡೆ ನೆಲದ ಮೇಲೆ ಕೂತಿದ್ದಳು. ಸಣ್ಣ ಮೈಯ, ನರೆಗೂದಲಿನ ಹೆಂಗಸು. "ಮಲ್ಲೀ, ಮಲ್ಲೀ" ಎಂದು ಬಳಗದ ಹೆಂಗಸೊಬ್ಬಳು ಮೂಲೆಯಲ್ಲಿ ಬಿಕ್ಕುತ್ತಿದ್ದಳು. ಮಲ್ಲಿ ಎಂದರೆ ಅವರಲ್ಲಿ ತಮ್ಮ. ಸೋಮಾ ಬಗ್ಗಿ ತಾಯಿಯ ಕಿವಿಯಲ್ಲಿ ಹೇಳಿದಳು. ಆಕೆ ತಲೆಯೆತ್ತಿ ಫಕೀರಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಒಂದೇ ಮಾತು ಕೇಳಿದಳು. ಸೋಮಾ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು, ನಮ್ಮ ಮನೆಯವರು ಕನ್ನಡಕ್ಕೆ.

"ಬೀಳೂವಾಗ ನನ್ನ ಮಗ ಏನರ ಅಂದನ? ಅಂತ ಕೇಳಾಕತ್ತಾರ."

ಫಕೀರಪ್ಪ ಪೆಟ್ಟಿಗೆಯ ಕಡೆ ನೋಡಿದ. ಸಮಾಧಾನಕ್ಕೆ ಏನಾದರೂ ಹೇಳಲಿ ಎಂದು ನನ್ನ ಮನಸ್ಸು ಬಯಸಿತು. ಅವನು ಹೇಳಿದ: "ಏನೂ ಅನ್ನಲಿಲ್ಲವ್ವ. ಓಡಿ ಬರೂವಾಗ ನಗಾಕತ್ತಿದ್ದ. ಬಿದ್ದ ಮ್ಯಾಲೆ ಕಣ್ಣ ತಕ್ಕೊಂಡು ಮುಗಿಲ ನೋಡಿದ. ನಾ ಕೈ ಚಾಚಿದೆ, ಅಂವ ಹಿಡೀಲಿಲ್ಲ."

ನಮ್ಮ ಮನೆಯವರು ಅಷ್ಟನ್ನೂ ಇಂಗ್ಲಿಷಿನಲ್ಲಿ ಹೇಳಿ ಮುಗಿಸಲಾರದೆ ಧೋತರದ ಚುಂಗಿನಲ್ಲಿ ಮುಖ ಒರೆಸಿಕೊಂಡರು. ಉಳಿದದ್ದು ಸೋಮಾಳಿಗೆ ತಾನೇ ತಿಳಿಯಿತೆಂದು ಕಾಣುತ್ತದೆ. ತಾಯಿ ಕೇಳಿಸಿಕೊಂಡು, ಪೆಟ್ಟಿಗೆಯೊಳಗಿನ ಮುಖವನ್ನು ನೋಡಿದಳು. ನಗುತ್ತಿದ್ದ ಎಂಬ ಮಾತನ್ನು ಅಲ್ಲಿ ಹುಡುಕುತ್ತಿದ್ದಳೇನೋ. ನಾನು ಹೋಗಿ ಅವಳ ಪಕ್ಕದಲ್ಲಿ ಕೂತೆ. ಅವಳ ಮೊಣಕಾಲಿಗೆ ನನ್ನ ಮೊಣಕಾಲು ತಾಗಿತು. ಅವಳು ಸರಿಯಲಿಲ್ಲ, ನಾನೂ ಸರಿಯಲಿಲ್ಲ.

ಎತ್ತುವ ಹೊತ್ತಿಗೆ ಫಕೀರಪ್ಪ ಹೆಗಲು ಕೊಡಲು ಮುಂದೆ ಬಂದ. ಸೋದರಮಾವ ಅವನ ಎದೆಗೆ ಕೈಯೊತ್ತಿ ತಡೆದ. ತಾಯಿ ಏನೋ ಅಂದಳು. ಸೋಮಾ ತಿರುಗಿಸಿ ಹೇಳಿದಳು: ಹೆಗಲು ಕೊಡುವುದು ಬೇಡ, ಹಿಂದೆ ನಡೆಯಲಿ. ಅವನು ಎಲ್ಲರಿಗಿಂತ ಹಿಂದೆ, ಬರಿಗಾಲಲ್ಲಿ, ಸುಡುವ ಉಸುಕಿನ ಮೇಲೆ ನಡೆದ.

ಕುಣಿಯ ಹತ್ತಿರ ಕಾವಿ ಉಟ್ಟ ಭಿಕ್ಷುಗಳು ಮಂತ್ರ ಹೇಳಿದರು. ಹುಡುಗನ ಮನೆಯವರೆಲ್ಲ ಒಂದೇ ಗಿಂಡಿಗೆ ಕೈ ಹಚ್ಚಿ, ಬಟ್ಟಲು ತುಂಬಿ ಹೊರಚೆಲ್ಲುವವರೆಗೆ ನೀರು ಸುರಿದರು. ಸತ್ತವನಿಗೆ ಪುಣ್ಯ ಹರಿದು ಹೋಗಲೆಂದು ಹಾಗೆ. ಆಗ ನಾನು ತಿರುಗಿ ನೋಡಿದೆ. ಬೇಲಿಯ ಹೊರಗೆ, ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು, ಫೋರಮನ್ ಸಾಹೇಬ ನಿಂತಿದ್ದ. ಅವನು ಗಾಡಿ ಹತ್ತಿರಲಿಲ್ಲ.

ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿ ಸರಿದರು. ಸೋದರಮಾವ ಸಲಿಕೆ ಹಿಡಿದು ಕುಣಿ ಮುಚ್ಚತೊಡಗಿದ. ಬೇರೆಯವರು ಕೇಳಿದರೂ ಕೊಡಲಿಲ್ಲ. ವಯಸ್ಸಾದವನು, ಬಿಸಿಲು ಬೇರೆ. ಅರ್ಧಕ್ಕೆ ಬರುವಷ್ಟರಲ್ಲಿ ಏದುಸಿರು ಬಿಡುತ್ತ ಸಲಿಕೆಯ ಮೇಲೆ ಒರಗಿ ನಿಂತ. ಸುತ್ತ ನೋಡಿದ. ದೂರದಲ್ಲಿ ತೆಂಗಿನ ಮರದ ಬುಡದಲ್ಲಿ ಫಕೀರಪ್ಪ ನಿಂತಿದ್ದ. ಸೋದರಮಾವ ಅವನನ್ನೇ ನೋಡಿದ. ಆಮೇಲೆ ತಾನೇ ನಡೆದು ಹೋಗಿ ಸಲಿಕೆಯನ್ನು ಅವನ ಕೈಗೆ ಕೊಟ್ಟ. ನನ್ನ ತಮ್ಮ ಉಳಿದ ಮಣ್ಣನ್ನೆಲ್ಲ ತುಂಬಿದ. ಕೊನೆಗೆ ಸಲಿಕೆ ಬಿಟ್ಟು ಮೊಣಕಾಲೂರಿ, ಅಂಗೈಯಿಂದ ಮೇಲ್ಮಣ್ಣನ್ನು ಸವರಿ ಸವರಿ ಸಮ ಮಾಡಿದ. ಕೂಸಿನ ಹಾಸಿಗೆ ಸರಿಪಡಿಸಿದಂತೆ.

ರಾಮೇಶ್ವರ

ಮರಳುವಾಗ ರಾಮೇಶ್ವರದಲ್ಲಿ ಇಳಿದೆವು. ಉದ್ದುದ್ದ ಪಡಸಾಲೆಗಳ ಆ ದೊಡ್ಡ ಗುಡಿಯ ವರ್ಣನೆ ಬೇರೆಯವರು ಬರೆದಿದ್ದಾರೆ. ಫಕೀರಪ್ಪ ಒಳಗೆ ಬರಲಿಲ್ಲ, ಹೊರಗೆ ಚಪ್ಪಲಿ ಕಾಯುತ್ತ ಕೂತ. ನಾನು ಲಿಂಗದ ಮುಂದೆ ನಿಂತು ಕೈ ಮುಗಿದೆ. ಏನು ಬೇಡಬೇಕೆಂದು ತೋಚಲಿಲ್ಲ. ತಮ್ಮ ಬದುಕಿದ್ದಾನಲ್ಲ ಎಂಬ ಸಂತೋಷ ಒಳಗೆ ಎಲ್ಲೋ ಇತ್ತು. ಇನ್ನೊಬ್ಬ ಅಕ್ಕನ ಮುಖ ಅದನ್ನು ಮೇಲೆ ಬರಗೊಡಲಿಲ್ಲ. ಬರಿಗೈ ಮುಗಿದುಕೊಂಡೇ ಹೊರಗೆ ಬಂದೆ.

ಕುಷ್ಟಗಿ

ಆಟದವರು ನಮಗಿಂತ ಮೊದಲು ಹುಬ್ಬಳ್ಳಿ ಮುಟ್ಟಿದ್ದರು. ಗೆದ್ದ ಸುದ್ದಿಯಷ್ಟೇ ಕುಷ್ಟಗಿಗೆ ಹೋಗಿತ್ತು, ಉಳಿದದ್ದು ಹೋಗಿರಲಿಲ್ಲ. ನಾವು ಹುಬ್ಬಳ್ಳಿಗೆ ಹೋಗದೆ ಮೊದಲು ತವರಿಗೇ ಹೋದೆವು. ಕೊಪ್ಪಳದಲ್ಲಿ ರೈಲು ಇಳಿದು ಚಕ್ಕಡಿ ಹತ್ತಿದೆವು. ಊರ ಅಗಸೆ ಬಾಗಿಲಲ್ಲಿ ಗರಡಿಮನೆಯ ಹುಡುಗರು ಹಲಗೆ ಬಡಿಯುತ್ತ ನಿಂತಿದ್ದರು. ಅಪ್ಪ ಹೊಸ ರುಮಾಲು ಸುತ್ತಿಕೊಂಡು ಚೆಂಡುಹೂವಿನ ಹಾರ ಹಿಡಿದಿದ್ದರು.

ಫಕೀರಪ್ಪ ಚಕ್ಕಡಿಯಿಂದ ಇಳಿದು ಅಪ್ಪನ ಕಾಲಿಗೆ ಬಿದ್ದ. ಅಪ್ಪ ಹಾರ ಹಾಕಲು ಬಂದಾಗ ಅವರ ಕೈ ಹಿಡಿದು ತಡೆದ.

"ಅಪ್ಪಾ, ಹಾಕಬ್ಯಾಡ. ಅಲ್ಲಿ ಒಬ್ಬ ಹುಡುಗ ನನ್ನ ಕೈಯಾಗ ಸತ್ತ. ಪಿಯದಾಸ ಅಂತ. ನನ್ನ ವಾರಿಗಿಯಾಂವ, ನನ್ನಷ್ಟ ವಯಸ್ಸು."

ಹಲಗೆ ತಾನಾಗಿಯೇ ನಿಂತಿತು. ಅಪ್ಪ ನನ್ನ ಮುಖ ನೋಡಿದರು. ನಾನು ಗೋಣು ಹಾಕಿದೆ.

"ಬಿದ್ದಾಂವನ್ನ ಮುಟ್ಟಿದೇನ?" ಎಂದು ಕೇಳಿದರು ಅಪ್ಪ.

"ಇಲ್ಲಪ್ಪ. ಓಡಾಂವನ್ನ ಹಿಡಿದೆ."

"ಅವರ ಮನಿಗೆ ಹೋಗಿದ್ದೇನ?"

"ಹೋಗಿದ್ದೆ. ಮಣ್ಣ ಕೊಟ್ಟು ಬಂದೆ."

ಅಪ್ಪ ಹಾರವನ್ನು ಪಕ್ಕದ ಹುಡುಗನ ಕೈಗೆ ಕೊಟ್ಟರು. ರುಮಾಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಮಗನ ರಟ್ಟೆ ಹಿಡಿದು ಮನೆಗೆ ನಡೆದರು. ಹಿಂದೆ ಬಂದ ಜನ ಒಬ್ಬೊಬ್ಬರೇ ಕರಗಿದರು. ಮನೆ ಹೊಕ್ಕು ನಾನು ಒಲೆಯ ಬೂದಿ ತೆಗೆದು ಕಟ್ಟಿಗೆ ಜೋಡಿಸುತ್ತಿದ್ದೆ. ಅಪ್ಪ ಬಾಗಿಲಲ್ಲಿ ನಿಂತು, "ಇವತ್ತ ಒಲಿ ಹಚ್ಚಬ್ಯಾಡವ್ವ" ಎಂದರು.

ಸತ್ತವರ ಮನೆಯಲ್ಲಿ ಒಲೆ ಉರಿಯುವುದಿಲ್ಲ, ಓಣಿಯವರು ಬುತ್ತಿ ತರುತ್ತಾರೆ. ನಮ್ಮ ಮಾಳಿಗೆಯ ಮೇಲೆ ಹೊಗೆ ಏಳದ್ದನ್ನು ನೋಡಿ ಪಕ್ಕದ ಮನೆಯ ಸಂಗವ್ವ ಸಂಜೆ ಬಂದಳು. ಬುಟ್ಟಿಯಲ್ಲಿ ಬಿಸಿ ರೊಟ್ಟಿ, ಪುಂಡಿಪಲ್ಯ. ಪಡಸಾಲೆಯಲ್ಲಿ ಕಂಬಕ್ಕೊರಗಿ ಕೂತ ಫಕೀರಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು, ದನಿ ತಗ್ಗಿಸಿದಳು.

"ಯಾರು ಹೋದ್ರಣ್ಣ?" ಎಂದು ಅಪ್ಪನನ್ನು ಕೇಳಿದಳು.

"ನಮ್ಮಾಂವ ಒಬ್ಬ ಹುಡುಗ, ತಂಗೀ" ಎಂದರು ಅಪ್ಪ. "ಕಡಲಾಚಿಗೆ ಇದ್ದ."

ಸಂಗವ್ವ ಬುಟ್ಟಿ ಇಳಿಸಿ, ರೊಟ್ಟಿಯ ಮೇಲೆ ಪಲ್ಯ ಹಾಕಿ ಫಕೀರಪ್ಪನ ಕೈಯಲ್ಲಿಟ್ಟು, ಅವನು ತಿನ್ನುವವರೆಗೆ ಅಲ್ಲಿಯೇ ಕೂತಳು.